ಜಾಣಮರಿ ಕೊಟ್ಟ ರಜೆ

ಎಲ್ಲ ರಗಳೆಗೂ ಮೂಲ ಒಂದು ರಜೆ ಅರ್ಜಿ. ಸೋಪಿನ ಕಾರ್ಖಾನೆಯ ಫೋರ್‌ಮನ್ ಹತ್ತು ದಿನ ರಜೆ ಕೇಳಿದ್ದರು. ಕಾರಣ ಬರೆಯುವ ಜಾಗದಲ್ಲಿ ಹೊಟ್ಟೆನೋವು, ನೆಂಟರ ಮದುವೆ ಅಂತೆಲ್ಲ ಸುತ್ತಿ ಬಳಸದೆ, ‘ಹೆಂಡತಿಗೆ ಸಮುದ್ರ ತೋರಿಸುವುದು’ ಎಂದು ನೆಟ್ಟಗೆ ಬರೆದಿದ್ದರು. ಮ್ಯಾನೇಜರು ಅದನ್ನು ಎರಡು ಸಲ ಓದಿ, ಫೋರ್‌ಮನ್ನರದೇ ಹಳೆಯ ಹನ್ನೊಂದು ಅರ್ಜಿಗಳಿದ್ದ ಫೈಲಿಗೆ ಸೇರಿಸಲು ಹೊರಟಿದ್ದರು.

ಕಾರ್ಖಾನೆಯಲ್ಲಿ ಈ ಫೋರ್‌ಮನ್ನನ್ನು ಎಲ್ಲರೂ ಕರೆಯುವುದು ಡಾಕ್ಟ್ರು ಎಂದೇ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ, “ಎಡಗಡೆ ಬೇರಿಂಗು. ಇನ್ನೆರಡು ದಿನ” ಎಂದರೆ ಮುಗಿಯಿತು, ಮೂರನೆಯ ದಿನ ಆ ಬೇರಿಂಗು ಪುಡಿಪುಡಿ. ಈ ವಿದ್ಯೆಯೇ ಅವರ ಕೊರಳಿಗೆ ಉರುಳಾಗಿತ್ತು. “ನೀವಿಲ್ದಿದ್ರೆ ಕಾರ್ಖಾನೆ ನಿಂತೋಗುತ್ತೆ ಡಾಕ್ಟ್ರೇ” ಎಂದು ಹೊಗಳಿ ಹೊಗಳಿಯೇ ಮ್ಯಾನೇಜರು ಇಪ್ಪತ್ತೆರಡು ವರ್ಷ ದಾಟಿಸಿದ್ದರು. ಸ್ವಂತ ಮಗಳ ಮದುವೆಗೂ ಡಾಕ್ಟ್ರಿಗೆ ಸಿಕ್ಕಿದ್ದು ಒಂದೂವರೆ ದಿನ.

ಈ ಸಲ ಹೆಂಡತಿ ಗಟ್ಟಿಯಾಗಿ ನಿಂತಿದ್ದರು. “ಟಿಕೆಟ್ ತಗೊಂಡಾಯ್ತು. ಎರಡು ಸೀಟು, ನಾಳೆ ಸಂಜೆ ಏಳೂವರೆ ಬಸ್ಸು. ಮದ್ವೆಯಾದ ವರ್ಷ ಹೇಳಿದ್ರಿ ಸಮುದ್ರ ತೋರಿಸ್ತೀನಿ ಅಂತ, ಈಗ ನಂಗೆ ಮಂಡಿನೋವು ಶುರುವಾಗಿದೆ. ನೀವು ಬಂದ್ರೂ ಸೈ, ಬರದಿದ್ರೂ ಸೈ, ನಾನಂತೂ ಹೋಗೋಳೇ.”

“ಬಂದೇ ಬರ್ತೀನಿ ಕಣೇ. ಈ ಸಲ ಜಾಣಮರಿ ಇದೆಯಲ್ಲ!” ಎಂದರು ಡಾಕ್ಟ್ರು.

ಜಾಣಮರಿ ಎಂದರೆ ದೊಡ್ಡ ಆಫೀಸಿನವರು ಕಳಿಸಿದ್ದ ಹೊಸ ಕೃತಕ ಬುದ್ಧಿಮತ್ತೆ. ಪ್ರತಿ ಯಂತ್ರಕ್ಕೂ ಬಟನ್ನಿನಷ್ಟು ಸೆನ್ಸರು ಅಂಟಿಸಿ, ಅದರ ನಡುಕ, ಬಿಸಿ, ಸದ್ದು ಎಲ್ಲವನ್ನೂ ಕಂಪ್ಯೂಟರಿಗೆ ಕಳಿಸುವುದು. ಅದು ಮೂರು ವರ್ಷದ ಹಳೆಯ ದಾಖಲೆ ಓದಿಕೊಂಡು, ಯಾವುದು ಯಾವಾಗ ಕೆಡುತ್ತದೆ ಎಂದು ಮೊದಲೇ ಪರದೆಯ ಮೇಲೆ ಹೇಳುವುದು. ಅದನ್ನು ನೋಡಿಕೊಳ್ಳಲು ಕನ್ನಡಕದ ಇಂಜಿನಿಯರ್ ಹೆಣ್ಣುಮಗಳೊಬ್ಬಳು ಬಂದಿದ್ದಳು. ಅವಳಿಗೆ ಡೇಟಾ ಮೇಡಂ ಎಂದೂ ಅವಳ ಕಂಪ್ಯೂಟರಿಗೆ ಜಾಣಮರಿ ಎಂದೂ ಕೆಲಸಗಾರರು ಒಂದೇ ದಿನದಲ್ಲಿ ಹೆಸರಿಟ್ಟರು. ಇನ್ನು ಡಾಕ್ಟ್ರ ಕತೆ ಮುಗಿಯಿತು ಎಂದು ಎಲ್ಲರೂ ಲೊಚಗುಟ್ಟಿದರು.

ಡಾಕ್ಟ್ರೊಬ್ಬರೇ ಕುಣಿದಾಡಿದ್ದು. ನೇರ ಮ್ಯಾನೇಜರ ಕೋಣೆಗೆ ನುಗ್ಗಿ, “ಸಾರ್, ನಾಳೆ ಒಂದು ದಿನ ನಾನು ಯಾವ ಮೆಷಿನ್ನೂ ಮುಟ್ಟಲ್ಲ. ಕ್ಯಾಂಟೀನ್‌ನಲ್ಲಿ ಕೂತಿರ್ತೀನಿ. ಜಾಣಮರಿ ಹೇಳಿದ್ದನ್ನ ಫಿಟ್ಟರ್‌ಗಳು ಸರಿ ಮಾಡ್ಲಿ. ಸಂಜೆವರೆಗೂ ಕಾರ್ಖಾನೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ನಿಲ್ಲದಿದ್ರೆ ನನ್ನ ರಜೆಗೆ ಸೈನ್ ಹಾಕ್ತೀರಾ?” ಎಂದರು.

ಪಕ್ಕದಲ್ಲಿದ್ದ ಡೇಟಾ ಮೇಡಂ, “ನಿಲ್ಲೋದೇ ಇಲ್ಲ ಸಾರ್, ನಾನು ಗ್ಯಾರಂಟಿ” ಎಂದಳು. ಅವಳ ಎದುರು ಹಿಂದೇಟು ಹಾಕಲಾಗದೆ ಮ್ಯಾನೇಜರು ಹೂಂ ಅಂದುಬಿಟ್ಟರು.

ಮಾರನೆಯ ದಿನ ಒಂಬತ್ತಕ್ಕೆ ಡಾಕ್ಟ್ರು ಕ್ಯಾಂಟೀನಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು. ಎದುರಿನ ಗೋಡೆಯ ಪರದೆಯಲ್ಲಿ ಯಂತ್ರಗಳೆಲ್ಲ ಹಸಿರು. ಎರಡನೆಯ ಟೀ ಮುಗಿಯುವಷ್ಟರಲ್ಲಿ ಒಂದು ಚೌಕ ಹಳದಿಯಾಯಿತು: ‘ಸೋಪು ಸಾಗಿಸುವ ಬೆಲ್ಟು, ಬಲಗಡೆ ರೋಲರ್, ಮೂವತ್ತು ನಿಮಿಷದಲ್ಲಿ ನಿಲ್ಲಲಿದೆ.’

‘ಭಲೇ ಮರಿ!’ ಎಂದು ಡಾಕ್ಟ್ರು ಮನಸಿನಲ್ಲೇ ಬೆನ್ನು ತಟ್ಟಿದರು. ಹತ್ತು ನಿಮಿಷವಾಯಿತು, ಹಳದಿ ಹಳದಿಯಾಗಿಯೇ ಇತ್ತು. ಹದಿನೈದಾಯಿತು. ಕಿಟಕಿಯಿಂದ ಇಣುಕಿದರೆ, ಇಬ್ಬರು ಫಿಟ್ಟರ್‌ಗಳು ಸ್ಟೋರಿನ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದಾರೆ. ಸ್ಟೋರ್‌ಕೀಪರ್ ಜೇಬುಗಳನ್ನೆಲ್ಲ ತಡವಿಕೊಳ್ಳುತ್ತ, “ಬೀಗದ ಕೈ ಎಲ್ಲಿಟ್ಟೆ ಅಂತಾನೇ ನೆನಪಾಗ್ತಿಲ್ಲ ಕಣ್ರೋ” ಎನ್ನುತ್ತಿದ್ದಾನೆ. ಈ ಸ್ಟೋರ್‌ಕೀಪರ್ ಬೇರೆ ಯಾರೂ ಅಲ್ಲ, ಡಾಕ್ಟ್ರ ಖಾಸಾ ಭಾಮೈದ. ಹೆಂಡತಿಯ ಒಬ್ಬನೇ ತಮ್ಮನೆಂದು ಡಾಕ್ಟ್ರೇ ಕೈಕಾಲು ಹಿಡಿದು ಅವನಿಗೆ ಈ ಕೆಲಸ ಕೊಡಿಸಿದ್ದರು.

ಇನ್ನು ಕೂತರೆ ಸಮುದ್ರ ಕೈಬಿಟ್ಟ ಹಾಗೇ. ಡಾಕ್ಟ್ರು ಕೊರಳಿನ ಕಾರ್ಡನ್ನು ಬಾಗಿಲಿಗೆ ತೋರಿಸಿ, ಪ್ಯಾಕಿಂಗ್ ವಿಭಾಗಕ್ಕೆ ಬೆಕ್ಕಿನ ಹೆಜ್ಜೆಯಲ್ಲಿ ನುಸುಳಿದರು. ರೋಲರಿನ ಬೋಲ್ಟನ್ನು ಯಾರೋ ಬೇಕೆಂದೇ ಸಡಿಲ ಮಾಡಿದ್ದರು. ಅವರು ಜೇಬಿನ ಸ್ಪ್ಯಾನರ್ ತೆಗೆಯುತ್ತಿದ್ದಂತೆ ಅಲ್ಲಿ ಕೆಲಸ ಮಾಡುವ ಪ್ಯಾಕಿಂಗ್ ಅಕ್ಕ ಓಡಿ ಬಂದು ಕೈ ಹಿಡಿದರು.

“ಅಣ್ಣಾ, ಮುಟ್ಬೇಡಿ! ಇದು ನಿಂತ್ರೆ ತಾನೇ ನಿಮ್ಮ ಕೆಲಸ ಉಳಿಯೋದು? ನಿಮ್ಮ ಭಾಮೈದನೇ ಸಡಿಲ ಮಾಡಿದ್ದು. ಎಂಥ ಬಂಗಾರದ ಮನುಷ್ಯ!”

“ಅಯ್ಯೋ ತಾಯಿ, ನಂಗೆ ರಜೆ ಬೇಕು! ಮೆಷಿನ್ನು ನಿಂತ್ರೆ ರಜೆ ಇಲ್ಲ!”

“ರಜೆ ಅಂತ ಕಳಿಸ್ತಾರೆ, ವಾಪಸ್ ಬಂದಾಗ ಗೇಟ್‌ನಲ್ಲೇ ನಿಲ್ಲಿಸ್ತಾರೆ. ನಮಗೆ ಗೊತ್ತಾಗಲ್ವಾ?” ಎಂದು ಅಕ್ಕ ಕಣ್ಣೊರೆಸಿಕೊಂಡರು. “ಪಾಪ, ಒಳಗೊಳಗೇ ಎಷ್ಟು ನೊಂದುಕೊಂಡಿದ್ದೀರೋ ಏನೋ.”

ಡಾಕ್ಟ್ರು ಅವರ ಕೈ ಬಿಡಿಸಿಕೊಂಡು ಬೋಲ್ಟು ಬಿಗಿದು ಮರಳಿ ಕ್ಯಾಂಟೀನಿಗೆ ಓಡಿದರು. ಚೌಕ ಹಸಿರಾಯಿತು. ಕಾರ್ಖಾನೆ ಒಂದು ನಿಮಿಷವೂ ನಿಲ್ಲಲಿಲ್ಲ.

ಹನ್ನೆರಡಕ್ಕೆ ಅಚ್ಚು ಒತ್ತುವ ಯಂತ್ರ ಹಳದಿಯಾಯಿತು. ಡಾಕ್ಟ್ರಿಗೆ ಈಗ ಅನುಮಾನವೇ ಇರಲಿಲ್ಲ. ಹೋಗಿ ನೋಡಿದರೆ ಭಾಮೈದ ಅಲ್ಲೇ ಕಂಬದ ಮರೆಯಲ್ಲಿ ನಿಂತು ಹೆಬ್ಬೆರಳೆತ್ತಿ ತೋರಿಸಿದ. ಅಚ್ಚಿನ ಅಡಿಯಲ್ಲಿ ಒಂದು ತಗಡಿನ ಚೂರು ತುರುಕಿಟ್ಟಿದ್ದ. ಸೋಪುಗಳೆಲ್ಲ ಅರ್ಧ ಹೆಸರು ಹೊತ್ತು ಹೊರಬರುತ್ತಿದ್ದವು. ಡಾಕ್ಟ್ರು ಯಂತ್ರ ನಿಲ್ಲಿಸಿ, ಆ ಚೂರನ್ನು ಕಿತ್ತೆಸೆದು, ಮತ್ತೆ ಚಾಲೂ ಮಾಡಿ ತಿರುಗುವಾಗ, ನೆಲಕ್ಕೆ ಬಿದ್ದಿದ್ದ ಹಸಿ ಸೋಪಿನ ಮೇಲೆ ಕಾಲಿಟ್ಟರು. ಅಲ್ಲಿಂದ ಜಾರಿದವರು ಆರು ಮಾರು ದೂರದಲ್ಲಿ, ಕೈ ತೊಳೆಯುವ ತೊಟ್ಟಿಯ ಪಕ್ಕ, ಮ್ಯಾನೇಜರ ಬೂಟಿನ ಹತ್ತಿರ ನಿಂತರು. ಮೈಯೆಲ್ಲ ನೊರೆ.

“ಏನ್ರೀ ಇದು ಡಾಕ್ಟ್ರೇ? ಕ್ಯಾಂಟೀನ್‌ನಲ್ಲಿ ಇರ್ಬೇಕಿತ್ತಲ್ಲ?”

“ಕೈ ತೊಳ್ಕೊಳ್ಳೋಕೆ ಬಂದೆ ಸಾರ್.”

“ಕೈಗೆ ಇಷ್ಟೊಂದು ಸೋಪಾ?”

“ನಮ್ಮದೇ ಸೋಪಲ್ವಾ ಸಾರ್, ಕೈ ತಡೀಲಿಲ್ಲ.”

ಮ್ಯಾನೇಜರಿಗೆ ಈ ಅಭಿಮಾನ ಹಿಡಿಸಿತು. ಅವರು ನಗುತ್ತ ಮುಂದೆ ಹೋದರು. ಅಲ್ಲಿವರೆಗೆ ಕಾರ್ಖಾನೆ ನಿಂತದ್ದು ಒಟ್ಟು ನಾಲ್ಕು ನಿಮಿಷ.

ನಾಲ್ಕು ಗಂಟೆಗೆ ಪರದೆ ಇನ್ನೂ ಹಸಿರಿದ್ದಾಗಲೇ ಡಾಕ್ಟ್ರ ಕಿವಿ ನಿಮಿರಿತು. ಗೋಡೆಯಾಚೆಯ ಕಂಪ್ರೆಸರ್ ಉಸಿರುಗಟ್ಟಿದ ಹಾಗೆ ಗೊರಗುಟ್ಟುತ್ತಿತ್ತು. ಕಾರ್ಖಾನೆಗೆಲ್ಲ ಗಾಳಿ ಒತ್ತುವುದು ಅದೊಂದೇ. ಅದು ನಿಂತರೆ ಹದಿನೈದು ನಿಮಿಷವಲ್ಲ, ಎರಡು ದಿನ. ಡಾಕ್ಟ್ರು ಟೀ ಲೋಟ ಬಿಸಾಕಿ ಓಡಿದರು. ಕಂಪ್ರೆಸರ್ ಕೋಣೆಯಲ್ಲಿ ಭಾಮೈದ ಗಾಳಿ ಎಳೆಯುವ ಬಾಯಿಗೆ ಗೋಣಿಚೀಲ ಒತ್ತಿ ಹಿಡಿದು, ಬೆವರಿಳಿಸುತ್ತ ನಿಂತಿದ್ದ.

“ಲೋ ಬಿಡೋ! ನನ್ನ ಬಾಳು ಹಾಳು ಮಾಡ್ತೀಯೇನೋ!”

“ಭಾವ, ನೀವು ದೊಡ್ಡ ಮನಸ್ಸು ಮಾಡ್ಬೇಡಿ. ನಿಮ್ಮ ಅನ್ನಕ್ಕೆ ಒಂದು ಕಂಪ್ಯೂಟರು ಮಣ್ಣು ಹಾಕೋದನ್ನ ನೋಡ್ಕೊಂಡು ಸುಮ್ನಿರೋಕೆ ನಾನೇನು ಹೊರಗಿನವನಾ?”

“ನಿಮ್ಮಕ್ಕ ಮದ್ವೆಯಾದಾಗಿಂದ ಸಮುದ್ರ ಸಮುದ್ರ ಅಂತಿದ್ದಾಳೆ ಕಣೋ! ಇವತ್ತೂ ಕರ್ಕೊಂಡು ಹೋಗದಿದ್ರೆ ಯಾವ ಮುಖ ಇಟ್ಕೊಂಡು ಮನೆಗೆ ಹೋಗ್ಲಿ?” ಎಂದು ಡಾಕ್ಟ್ರು ಚೀಲಕ್ಕೆ ಕೈ ಹಾಕಿದರು.

“ಸಮುದ್ರ ಎಲ್ಲಿ ಓಡಿ ಹೋಗುತ್ತೆ ಭಾವ, ಕೆಲಸ ಹೋದ್ರೆ ಬರುತ್ತಾ?” ಎಂದ ಭಾಮೈದ.

ಭಾವ ಒಂದು ಕಡೆ, ಭಾಮೈದ ಒಂದು ಕಡೆ ಗೋಣಿಚೀಲ ಜಗ್ಗಿದರು. ಕೊನೆಗೆ ಚೀಲ ಹರಿಯಿತು, ಕಂಪ್ರೆಸರ್ ನಿಟ್ಟುಸಿರು ಬಿಟ್ಟು ಸರಾಗವಾಗಿ ಓಡತೊಡಗಿತು. ಡಾಕ್ಟ್ರು ಐದು ಗಂಟೆಯವರೆಗೂ ಭಾಮೈದನ ಅಂಗಿ ಹಿಡಿದುಕೊಂಡೇ ಅಲ್ಲಿ ಕೂತಿದ್ದರು.

ಐದಕ್ಕೆ ಮ್ಯಾನೇಜರ ಕೋಣೆಯಲ್ಲಿ ಸಭೆ ಸೇರಿತು. ಇಡೀ ದಿನ ನಿಂತದ್ದು ನಾಲ್ಕೇ ನಿಮಿಷ. ಮ್ಯಾನೇಜರು ಚಪ್ಪಾಳೆ ತಟ್ಟಿ, ರಜೆ ಅರ್ಜಿ ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಡಾಕ್ಟ್ರಿಗೆ ಅಲೆಯ ಸದ್ದೇ ಕೇಳಿಸಿದ ಹಾಗಾಯಿತು.

“ಒಂದ್ನಿಮಿಷ ಸಾರ್” ಎಂದಳು ಡೇಟಾ ಮೇಡಂ. “ಜಾಣಮರಿ ಇವತ್ತು ಹೊಸದೊಂದು ವಿಷಯ ಕಲ್ತಿದೆ. ಬಾಗಿಲುಗಳ ಕಾರ್ಡಿನ ದಾಖಲೆಯನ್ನೂ ನಿನ್ನೆ ಅದಕ್ಕೆ ಸೇರಿಸಿದ್ದೆ. ಇವತ್ತು ಮೂರು ಕಡೆ ಯಂತ್ರ ಕೆಡೋದ್ರಲ್ಲಿತ್ತು. ಮೂರು ಕಡೆನೂ ಡಾಕ್ಟ್ರ ಕಾರ್ಡು ಒಳಗೆ ಹೋದ ಐದೇ ನಿಮಿಷಕ್ಕೆ ಎಲ್ಲ ಸರಿಹೋಗಿದೆ.”

ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿದರು. “ರಿಪೇರಿ ಮಾಡಿದ್ರಾ ಡಾಕ್ಟ್ರೇ? ಮುಟ್ಟಲ್ಲ ಅಂದಿದ್ರಿ?”

ಹೌದು ಎಂದರೆ, ಏನು ಕೆಟ್ಟಿತ್ತು, ಯಾರು ಕೆಡಿಸಿದರು ಎಂಬ ಪ್ರಶ್ನೆ ಬರುತ್ತದೆ. ಭಾಮೈದನ ಕೆಲಸ ಹೋದರೆ ಅವನಕ್ಕ ಸಮುದ್ರ ಹಾಗಿರಲಿ, ಡಾಕ್ಟ್ರ ಮುಖವನ್ನೂ ನೋಡುವುದಿಲ್ಲ. “ಇಲ್ಲ ಸಾರ್. ಕೂತು ಕೂತು ಕಾಲು ಜೋಮು ಹಿಡಿದಿತ್ತು, ಸುಮ್ನೆ ಅಡ್ಡಾಡಿದೆ ಅಷ್ಟೆ” ಎಂದರು.

“ಕೇಳಿಸ್ಕೊಂಡ್ರಾ ಸಾರ್!” ಮೇಡಂ ಹಿಗ್ಗಿಹೋದಳು. “ಬರೀ ಅಡ್ಡಾಡಿದ್ದಕ್ಕೇ ಸರಿಹೋಗಿದೆ! ಜಾಣಮರಿ ಪ್ರಕಾರ ಈ ಕಾರ್ಖಾನೆಯ ಅತಿ ಮುಖ್ಯ ಬಿಡಿಭಾಗ ಡಾಕ್ಟ್ರು. ಬದಲಿ ಭಾಗ ಸ್ಟಾಕಿನಲ್ಲಿಲ್ಲ, ಜಾಗ ಬಿಟ್ಟು ಕದಲಿಸಕೂಡದು ಅಂತ ಕೆಂಪಕ್ಷರದಲ್ಲಿ ಬರೆದಿದೆ.”

“ಅಂದ್ರೆ ಕಾಲ್ಗುಣ ಅನ್ನಿ!” ಎಂದರು ಮ್ಯಾನೇಜರು.

“ನಾವು ಅದಕ್ಕೆ ಕೋರಿಲೇಶನ್ ಅಂತೀವಿ ಸಾರ್.”

ಮ್ಯಾನೇಜರು ಪೆನ್ನಿಗೆ ಮುಚ್ಚಳ ಹಾಕಿದರು. “ನಾನು ಇಪ್ಪತ್ತೆರಡು ವರ್ಷದಿಂದ ಇದನ್ನೇ ಹೇಳ್ತಿದ್ದೆ, ಕಂಪ್ಯೂಟರ್ ಇಲ್ದೇನೇ. ಕ್ಷಮಿಸಿ ಡಾಕ್ಟ್ರೇ, ಇದು ನನ್ನ ಮಾತಲ್ಲ, ಡೇಟಾದ ಮಾತು.”

ಡಾಕ್ಟ್ರು ಅರ್ಜಿಯತ್ತ ಕೈ ಚಾಚಿದರು, ಮ್ಯಾನೇಜರು ಅದನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಇನ್ನೊಂದಿದೆ ಸಾರ್” ಎಂದು ಮೇಡಂ ಪರದೆ ತಿರುಗಿಸಿದಳು. “ಸ್ಟೋರ್‌ಕೀಪರ್ ಕಾರ್ಡು. ಅದು ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ಐದು ನಿಮಿಷದಲ್ಲಿ ಯಂತ್ರ ನಡುಗೋಕೆ ಶುರುವಾಗಿದೆ. ಮೂರಕ್ಕೆ ಮೂರು! ಈ ಭಾಗವನ್ನ ಸ್ವಲ್ಪ ದಿನ ಕಾರ್ಖಾನೆಯಿಂದ ದೂರ ಇಟ್ಟು ನೋಡಿ ಅಂತ ಸಲಹೆ ಕೊಟ್ಟಿದೆ.”

ಮ್ಯಾನೇಜರು ಒಂದು ಕ್ಷಣವೂ ತಡ ಮಾಡಲಿಲ್ಲ. ಹೇಗೂ ಅರ್ಜಿ ಎದುರಿಗೇ ಇತ್ತು, ಹತ್ತು ದಿನ ಎಂದೂ ಬರೆದಿತ್ತು. ಮೇಲಿನ ಹೆಸರು ಹೊಡೆದು ಭಾಮೈದನ ಹೆಸರು ಬರೆದರು. ಕಾರಣದ ಸಾಲಿನಲ್ಲಿ ‘ಹೆಂಡತಿಗೆ’ ಎಂಬುದನ್ನು ಮಾತ್ರ ಹೊಡೆದು, ಪೂರ್ತಿ ಸಂಬಳದ ರಜೆಗೆ ಉದ್ದಕ್ಕೆ ಸೈನ್ ಎಳೆದರು.

ಏಳೂಕಾಲಿಗೆ ಬಸ್ ನಿಲ್ದಾಣದಲ್ಲಿ ಡಾಕ್ಟ್ರು ಎರಡು ಬ್ಯಾಗು ಹೊತ್ತು ನಿಂತಿದ್ದರು. ಒಂದು ಹೆಂಡತಿಯದು, ಇನ್ನೊಂದು ಭಾಮೈದನದು. “ಟಿಕೆಟ್ ಹಾಳಾಗೋ ಬದ್ಲು ತಮ್ಮ ಬರ್ತಾನಲ್ಲ, ಒಳ್ಳೇದೇ ಆಯ್ತು ಬಿಡಿ. ಸಾರು ಎರಡು ದಿನಕ್ಕಾಗುವಷ್ಟಿದೆ, ಆಮೇಲೆ ಕ್ಯಾಂಟೀನ್‌ನಲ್ಲಿ ತಿನ್ನಿ. ಹೇಗೂ ಅಲ್ಲೇ ಇರ್ತೀರಲ್ಲ” ಎಂದು ಹೆಂಡತಿ ಬಸ್ಸು ಹತ್ತಿದರು.

ಕಿಟಕಿ ಪಕ್ಕದ ಸೀಟಿನಲ್ಲಿ ಭಾಮೈದ ಆಗಲೇ ಕಪ್ಪು ಕನ್ನಡಕ ಹಾಕಿ ಕೂತಿದ್ದ. ಬಸ್ಸು ಹೊರಡುವಾಗ ಕನ್ನಡಕ ಹಣೆಗೇರಿಸಿ, ತಲೆ ಹೊರಗೆ ಹಾಕಿ, ಭಾವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣು ತುಂಬಿ ಬಂದಿತ್ತು.

“ಅಂತೂ ನಿಮ್ಮ ಕೆಲಸ ಉಳಿಸಿದೆ ನೋಡಿ ಭಾವ! ಥ್ಯಾಂಕ್ಸು ಗೀಂಕ್ಸು ಅಂತ ಏನೂ ಹೇಳೋಕೆ ಹೋಗ್ಬೇಡಿ, ಸಂಬಂಧಿಕರಲ್ಲಿ ಅದೆಲ್ಲ ಇಟ್ಕೋಬಾರ್ದು!”