ನಾನು ನುಣ್ಣಗೆ ಮಾಡಿದ ಗಿಟಾರು

ತಮ್ಮ ನೇರವಾಗಿ ಕೇಳಿದ ದಿನ ನಾನು ನಿಜ ಹೇಳಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು; ಸುಳ್ಳು ಹೇಳುವುದಕ್ಕೆ ಅಷ್ಟು ಓದು ಧಾರಾಳವಾಯಿತು ಎಂದು ಆವತ್ತು ಗೊತ್ತಾಯಿತು.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನದು ಮೈಕ್‌ಸೆಟ್ ಅಂಗಡಿ. ಮದುವೆಯಿರಲಿ, ಭಾಷಣವಿರಲಿ, ನನ್ನ ಸ್ಪೀಕರು ಕೊಂಯ್ ಎನ್ನುವುದಿಲ್ಲ, ಗರಗರ ಎನ್ನುವುದಿಲ್ಲ. ನನಗಿರುವ ಮರ್ಯಾದೆ ಅದೊಂದೇ. ತಮ್ಮ ಮಂಜುವಿಗೋ ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡಿನ ಹುಚ್ಚು. ಕಬ್ಬಿಣದ ಕಾರ್ಖಾನೆಯ ಊರಿನ ನಾಲ್ವರು ಹುಡುಗರು ಹಳೇ ಶೆಡ್ಡಿನಲ್ಲಿ ಶುರುಮಾಡಿ, ದೊಡ್ಡ ದೊಡ್ಡ ಮೈದಾನ ತುಂಬಿಸುವಷ್ಟು ಬೆಳೆದು, ಕೊನೆಗೆ ಹಾಡುವವನ ದನಿ ಮುಂದೋ ಗಿಟಾರು ಮುಂದೋ ಎಂದು ಕಿತ್ತಾಡಿ ಚದುರಿಹೋದರಂತೆ. "ನಮ್ಮ ಭದ್ರಾವತಿಯವ್ರ ಕಥೆ ಇದ್ದಂಗೇ ಇದೆ ಕಣಣ್ಣ," ಎನ್ನುತ್ತಿದ್ದ. ಕಿತ್ತಾಟ ಬಿಟ್ಟು ಉಳಿದದ್ದನ್ನು ಅನುಸರಿಸುವುದೆಂದು ಅವನೂ, ಭದ್ರಾವತಿಯ ಮೆಕ್ಯಾನಿಕ್ ಸಲೀಮನೂ, ಇನ್ನಿಬ್ಬರೂ ಸೇರಿ ಮಾಚೇನಹಳ್ಳಿಯ ಶೆಡ್ಡೊಂದರಲ್ಲಿ ಎರಡು ವರ್ಷ ಆ ಹಾಡುಗಳನ್ನೇ ಅಭ್ಯಾಸ ಮಾಡಿದರು. ನಾನು ಒಂದು ದಿನವೂ ಹೋಗಿ ಕೇಳಲಿಲ್ಲ.

ಮೊದಲ ಕಾರ್ಯಕ್ರಮ ಭದ್ರಾವತಿಯ ಗಣಪತಿ ಪೆಂಡಾಲಿನಲ್ಲಿ, ಮೈಕ್‌ಸೆಟ್ ನನ್ನದೇ. ಮಂಜು ಹಾಡು ಎತ್ತಿಕೊಂಡ. ಸಲೀಮ್ ಗಿಟಾರು ಮೀಟಿದ್ದೇ ತಡ, ತಗಡು ಹರಿದಂತೆ ಗರ್ರ್ ಎಂದಿತು. ಸ್ಪೀಕರು ಹರಿದೇಹೋಯಿತು ಎಂದುಕೊಂಡೆ. ಗಾಬರಿಯಲ್ಲಿ ಗುಂಡಿ ತಿರುಗಿಸಿ ಗಿಟಾರಿನ ಸದ್ದನ್ನು ಪೂರ್ತಿ ಇಳಿಸಿದೆ. ನುಣ್ಣಗಾಯಿತೆಂದು ಬೆವರು ಒರೆಸಿಕೊಂಡೆ. ಆ ಗರ್ರ್ ಸದ್ದಿಗೆಂದೇ ಸಲೀಮ್ ಕಾಲಲ್ಲಿ ಒತ್ತುವ ಪೆಡಲೊಂದನ್ನು ತಿಂಗಳುಗಟ್ಟಲೆ ಹುಡುಕಿ ತರಿಸಿದ್ದನೆಂದು ನನಗೇನು ಗೊತ್ತು?

"ನಿನ್ ಗಂಟಲು ಕೇಳ್ಲಿ ಅಂತ ಅಣ್ಣಂಗೆ ಹೇಳಿ ನನ್ ಸೌಂಡ್ ಕಟ್ ಮಾಡಿಸಿದ್ಯಲ್ಲೋ!" ಎಂದು ಸಲೀಮ್ ಮಂಜುವಿಗೆ ಬೈದು, ವೇದಿಕೆ ಇಳಿದು ಹೊರಟೇಹೋದ.

ಮಂಜು ನನ್ನ ಹತ್ತಿರ ಬಂದ. "ಅಣ್ಣ, ನೀನೇನಾದ್ರೂ ಕೈ ಹಾಕಿದ್ಯಾ?"

"ನಾನ್ಯಾಕೆ ಹಾಕ್ಲಿ ಮಾರಾಯ? ವೋಲ್ಟೇಜ್ ಇರ್ಲಿಲ್ಲ."

ಅಲ್ಲಿಂದಾಚೆ ಸಲೀಮ್ ಮಂಜುವಿನ ಫೋನ್ ಎತ್ತಲಿಲ್ಲ. ಮಂಜು ತಟ್ಟೆಯ ಮುಂದೆ ಕೂತು ಹಾಗೇ ಏಳುತ್ತಿದ್ದ. ಬೀದಿಯಲ್ಲಿ ಯಾರಾದರೂ ವೋಲ್ಟೇಜ್ ಎಂದರೆ ಸಾಕು, ನಾನು ಅಂಗಡಿಯ ಒಳಕ್ಕೆ ಸರಿದುಬಿಡುತ್ತಿದ್ದೆ. ಇಂಗ್ಲೆಂಡಿನವರು ತಾವಾಗಿಯೇ ಒಡೆದರೋ, ಅಲ್ಲೂ ಯಾರಿಗಾದರೂ ಮೈಕ್‌ಸೆಟ್ಟಿನ ಅಣ್ಣನೊಬ್ಬನಿದ್ದನೋ ಎಂಬ ಅನುಮಾನ ಬೇರೆ.

ಶೆಡ್ ಖಾಲಿ ಮಾಡುತ್ತೇನೆಂದು ಮಂಜು ಹೇಳಿದ ಬೆಳಿಗ್ಗೆ ಅವನನ್ನು ಬೈಕಿಗೆ ಹತ್ತಿಸಿಕೊಂಡು ಸಲೀಮನ ಗ್ಯಾರೇಜಿಗೆ ಹೋದೆ. ಸಲೀಮ್ ಒಂದು ಲಾರಿಯ ಇಂಜಿನ್ ಚಾಲೂ ಮಾಡಿಟ್ಟಿದ್ದ. ಎರಡು ಸಲ ಹೇಳಿದೆ, ಎರಡು ಸಲವೂ ಅವನು "ಏನಣ್ಣ? ಕೇಳ್ತಿಲ್ಲ!" ಎಂದ. ಮೂರನೇ ಸಲ ಕಣ್ಣು ಮುಚ್ಚಿ, ಶಕ್ತಿಯೆಲ್ಲ ಸೇರಿಸಿ ಕಿರುಚಿದೆ. ಅದೇ ಗಳಿಗೆಗೆ ಅವನು ಇಂಜಿನ್ ಆರಿಸಿದ. ಎದುರಿನ ಟೀ ಅಂಗಡಿಯವರಿಗೆಲ್ಲ ನನ್ನ ಕೂಗು ಕೇಳಿಸಿತು:

"ಗಿಟಾರ್ ಇಳಿಸಿದ್ದು ನಾನೇ! ಮಂಜು ಹೇಳಿರ್ಲಿಲ್ಲ! ಸುಳ್ಳು ಹೇಳಿದ್ದೂ ನಾನೇ! ತಪ್ಪಾಯ್ತು ಕಣ್ರೋ!"