ಶೇಂಗಾ ಉಂಡಿ, ಎರಡು ಟ್ಯೂಬ್ ರಕ್ತ

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಡಾಕ್ಟರ ಹತ್ತಿರ ಓಡಿದ ಕತೆಗಳಿಗೆ ಬರವಿಲ್ಲ. ಓಡುವಾಗ ಅಳು, ವರ್ಷ ಕಳೆದ ಮೇಲೆ ನಗು. ಮಗಳಿಗೆ ಮೂರು ತುಂಬಿದ ವರ್ಷ, ಅಮೆರಿಕದ ರೆಡ್ಮಂಡಿನ ಎಜುಕೇಶನ್ ಹಿಲ್‌ನ ನಮ್ಮ ಮನೆಯಲ್ಲಿ ನಡೆದದ್ದು ಇದು.

ನೆಲದ ಬೀಜ

ಆ ಸಲ ನಾಗರ ಪಂಚಮಿಗೆ ಗದಗಿನ ನೆನಪು ಜೋರಾಗಿ ಬಂತು. ಜೋಕಾಲಿ ಕಟ್ಟಲು ಒಳ್ಳೆ ಮರವಿತ್ತು, ಅಪಾರ್ಟ್‌ಮೆಂಟಿನವರು ಬಿಡಲಿಲ್ಲ. ಉಂಡಿಯನ್ನಾದರೂ ಕಟ್ಟೋಣ ಎಂದು ಶೇಂಗಾ ಹುರಿದು, ಬೆಲ್ಲ ಹಾಕಿ, ಥೇಟ್ ಅವ್ವನ ಹಾಗೇ ಕಟ್ಟಿದೆ. ಅಲ್ಲಿಯವರೆಗೆ ಶೇಂಗಾ ಬಾಯಿಗಿಟ್ಟರೆ ಉಗುಳುತ್ತಿದ್ದ ಮಗಳು ಅರ್ಧ ಉಂಡಿ ತಿಂದಳು. ನಾನು ಹಿಗ್ಗುವಷ್ಟರಲ್ಲಿ ಅವಳ ತುಟಿ ಹಿಗ್ಗಿತು. ಮೈತುಂಬ ಕೆಂಪು ದದ್ದು.

ಕ್ಲಿನಿಕ್ಕಿಗೆ ಓಡಿದೆವು. ಔಷಧಿ ಕೊಟ್ಟ ಮೇಲೆ ಬಾವು ಇಳಿಯಿತು. ಏನು ತಿಂದಳು ಎಂದು ನರ್ಸ್ ಕೇಳಿದಳು. ಗಾಬರಿಯಲ್ಲಿ ನಮ್ಮ ಯಜಮಾನರು "ಗ್ರೌಂಡ್‌ನಟ್" ಅಂದರು. ಅಮೆರಿಕದಲ್ಲಿ ಅದು ಪೀನಟ್, ಗ್ರೌಂಡ್ ಅಂದರೆ ಬರೀ ನೆಲ. ನರ್ಸ್ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ನೆಲದ ಮೇಲೆ ಬಿದ್ದಿದ್ದ ಬೀಜ ತಿಂದಿದ್ದಾಳೆ" ಎಂದು ಬರೆದುಕೊಂಡಳು.

ದಿನಕ್ಕೆರಡು ಸಲ ಕಸ ಹೊಡೆಯುವವಳು ನಾನು!

ಎರಡು ಹೆಸರು

ಅವ್ವನಿಗೆ ಫೋನ್ ಮಾಡಿದೆ.

"ಶೇಂಗಾ ತಿಂದ್ರ ಬಾವು ಬರ್ತೈತೇನ? ನಮ್ಮ ವಂಶದಾಗ ಯಾರಿಗೂ ಇಲ್ಲವಾ!"

"ಅಲರ್ಜಿ ಡಾಕ್ಟ್ರು ರಕ್ತ ಪರೀಕ್ಷೆ ಮಾಡ್ತಾರ. ಅಲ್ಲೀತನಕ ಶೇಂಗಾ ಮುಟ್ಟಸಬ್ಯಾಡ್ರಿ ಅಂದಾರ."

"ಮತ್ತ ಕೂಸು ಊರಿಗೆ ಬಂದ್ರ ನಾ ಏನ ಮಾಡಿ ಹಾಕಲಿ?"

ನಾನು ಫೋನನ್ನು ಪಕ್ಕಕ್ಕೆ ಚಾಚಿದೆ. ಮೈಸೂರಿನವರಾದ ಯಜಮಾನರೇ ಫೋನ್ ತಗೊಂಡು ಸಮಾಧಾನ ಹೇಳಿದರು: "ಕಡ್ಲೆಬೀಜ ಒಂದು ಬಿಟ್ಟು ಬೇರೆ ಎಲ್ಲಾ ತಿನ್ನಬಹುದು ಅತ್ತೆ."

ಅವ್ವನಿಗೆ ರೋಗದ ಮೂಲ ಸಿಕ್ಕಿಬಿಟ್ಟಿತು. "ನೋಡ್ರಿ, ನೀವು ಕಡ್ಲೆಬೀಜ ಅಂತೀರಿ, ಅಕಿ ಶೇಂಗಾ ಅಂತಾಳ. ಕೂಸಿನ ಮೈ ಗೊಂದಲಕ್ಕ ಬಿದ್ದೈತಿ!"

ವಾಪಸ್ ಕೊಡಿ

ರಕ್ತ ತೆಗೆಯುವ ದಿನ ಮಗಳು ನನ್ನ ತೊಡೆಯ ಮೇಲೆ ಕೂತಿದ್ದಳು. ನಾನು ಕನ್ನಡದಲ್ಲಿ ಹೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ನಮ್ಮ ಪದ್ಧತಿ.

"ಸ್ವಲ್ಪೇ ಸ್ವಲ್ಪ ರಕ್ತ ತಗೋತಾರೆ ಪುಟ್ಟಿ."

ಮಗು ಅಳಲಿಲ್ಲ. ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡಿದ್ದ ಲ್ಯಾಬಿನವನು ಎರಡು ಟ್ಯೂಬ್ ತುಂಬಿಸಿ, ಪಟ್ಟಿ ಅಂಟಿಸಿ, ಮುಗೀತು ಅಂದ. ಇವಳು ಕುರ್ಚಿ ಬಿಟ್ಟು ಏಳಲಿಲ್ಲ, ಕೈ ಚಾಚಿದಳು. "ಗಿವ್ ಇಟ್ ಬ್ಯಾಕ್." ಪ್ರೀಸ್ಕೂಲಿನಲ್ಲಿ ಯಾರು ಏನು ತಗೊಂಡರೂ ವಾಪಸ್ ಕೊಡಬೇಕು ಎಂದು ಕಲಿಸಿದ್ದರು.

ಅವನು ಪಾಪ, ರಕ್ತದ ಬದಲಿಗೆ ಒಂದು ಸ್ಟಿಕರ್ ಕೊಟ್ಟ. ಇವಳು ಟ್ಯೂಬುಗಳನ್ನು ನೋಡಿದಳು, ಸ್ಟಿಕರ್ ನೋಡಿದಳು.

"ಟೂ ಟ್ಯೂಬ್ಸ್. ಟೂ ಸ್ಟಿಕರ್ಸ್."

ಖಾಲಿ ಡಬ್ಬಿ

ವಾರದ ಮೇಲೆ ಫಲಿತಾಂಶ ಬಂತು. ಎಳ್ಳು, ಗೋದಿ, ಗೋಡಂಬಿ ಎಲ್ಲ ಪಾಸು. ಶೇಂಗಾ ಮಾತ್ರ ಫೇಲು. ಒಂದು ವರ್ಷ ಬಿಟ್ಟು ಮತ್ತೆ ನೋಡೋಣ ಅಂದರು ಡಾಕ್ಟರು.

ಅವ್ವ ಕುಟ್ಟಿ ಕಳಿಸಿದ್ದ ಶೇಂಗಾ ಚಟ್ನಿಪುಡಿಯನ್ನು ಚೀಲಕ್ಕೆ ಸುರಿದು ಯಜಮಾನರ ಕೈಗೆ ಕೊಟ್ಟೆ. ಡಬ್ಬಿ ತೊಳೆಯುವ ಮುಂಚೆ ಒಮ್ಮೆ ಮೂಸಿದೆ. ಅವ್ವನ ಅಡುಗೆಮನೆ ಅದರೊಳಗೇ ಇತ್ತು. ನಲ್ಲಿ ತಿರುಗಿಸಲು ಬಹಳ ಹೊತ್ತು ಹಿಡಿಯಿತು.

ಓವರ್‌ಲೇಕ್‌ನಲ್ಲಿರುವ ಅವರ ಆಫೀಸಿನಲ್ಲಿ ತೆಲುಗು ಗೆಳೆಯರು ಪುಡಿಯನ್ನು ಒಂದೇ ಊಟಕ್ಕೆ ಮುಗಿಸಿದರಂತೆ. ಮರುದಿನ ಕಾಳಜಿಯಿಂದ ವಿಚಾರಿಸಿದರಂತೆ: "ಪಾಪುಗೆ ಇನ್ನೇನಾದರೂ ಅಲರ್ಜಿ ಇದೆಯಾ?"

ದೂರದ ಮುತ್ತು

ಆ ಭಾನುವಾರ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆವು. ಅವಳ ಕೈಯಲ್ಲಿ ಶೇಂಗಾ ಉಂಡಿ. ಮೊಮ್ಮಗಳ ಮುಖ ಕಂಡದ್ದೇ ತಡ, ಉಂಡಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿಂದೆ ಸರಿದಳು.

"ತಡೀವಾ, ಕೈ ತೊಕ್ಕೊಂಡ ಬರ್ತೀನಿ!"

ಒಳಗೆ ಬಾಯಿ ಮುಕ್ಕಳಿಸುವ ಸದ್ದು ಕೇಳಿತು. ಬಂದವಳು ಫೋನನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಆದರೂ ಯಾವಾಗಿನಂತೆ ಫೋನಿಗೆ ಮುತ್ತು ಕೊಡಲಿಲ್ಲ.

"ಇವತ್ತ ಮುತ್ತು ಬ್ಯಾಡ ಬಂಗಾರ. ಅಜ್ಜಿ ಶೇಂಗಾ ತಿಂದಾಳ."

ಮಗಳು ತಿಳಿದವರ ಹಾಗೆ ಹೇಳಿದಳು: "ಇಟ್ಸ್ ಓಕೆ ಅಜ್ಜಿ. ಯು ಆರ್ ವೆರಿ ಫಾರ್."

"ಏನಂತು ಕೂಸು?"

"ಅಜ್ಜಿ ಭಾಳ ದೂರ ಅದಾಳಂತ. ಏನೂ ಆಗಂಗಿಲ್ಲಂತ," ಅಂದೆ.

ಅವ್ವ ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಫೋನನ್ನು ಹತ್ತಿರ ತಂದು, ಇನ್ನೇನು ತುಟಿ ತಾಗಬೇಕು, ತಟ್ಟನೆ ನಿಂತಳು.

"ಯಾವುದಕ್ಕೂ ಒಂದ್ಸಲ ಆ ಡಾಕ್ಟರನ್ನ ಕೇಳಿಬಿಡವಾ."