ಮಾವನ ಕಂಪ್ಯೂಟರಿಗೊಂದು ಕಾವಲುನಾಯಿ

"ನಿಮ್ಮಲ್ಲಿ ವೈರಸ್ ಸಿಗುತ್ತದೆಯೇ?" ಎಂದು ಚಳ್ಳಕೆರೆ ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಕೇಳಿಕೊಂಡು ಹೋದ ಮನುಷ್ಯ ಈವರೆಗೆ ಒಬ್ಬನೇ. ಹೆಮ್ಮೆ ಪಡಬೇಕೋ ನಾಚಬೇಕೋ ತಿಳಿಯದು, ಆತ ನನ್ನ ಸೋದರಮಾವ!

ಆ ಭಾನುವಾರ ನಮ್ಮ ಪಡಸಾಲೆಯಲ್ಲಿ ಯಾರ್ಯಾರಿದ್ದರು ಎಂದು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಸಾಕ್ಷಿ ಬೇಕಾದೀತು. ಕಂಬಕ್ಕೆ ಒರಗಿ, ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದ ನಮ್ಮವ್ವ. ಪೇಪರಿನ ಹಿಂದೆ ನಮ್ಮ ಮನೆಯವರು; ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮನೆಯಲ್ಲಿ ಮೌನದ ಮೇಷ್ಟ್ರು. ಅಕ್ಕಿ ಆರಿಸುತ್ತಿದ್ದ ನಾನು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮೊಳಕಾಲ್ಮೂರಿನಿಂದ ಮಾವ ಬಂದ. ತೋಳಿನಲ್ಲಿ ಕರಿಕಂಬಳಿ ಸುತ್ತಿದ ಒಂದು ಗಂಟು.

"ಯಾರ ಕೂಸೋ ಅದು?" ಎಂದಳು ಅವ್ವ.

"ನಂದೇ ಅಕ್ಕಯ್ಯಾ. ಯಾಕೋ ಕಳೆಗುಂದೈತೆ, ತೋರಿಸ್ಕಂಡು ಹೋಗಣ ಅಂತ ಬಂದೆ."

ಕಂಬಳಿ ಬಿಚ್ಚಿದರೆ ಕಂಪ್ಯೂಟರಿನ ಡಬ್ಬಿ! ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅದಕ್ಕೆ, ಅದರಾಚೆಯದು ತನಗೆ. ಕೊಂಡ್ಲಹಳ್ಳಿ ದಾಟುವಷ್ಟರಲ್ಲಿ ಬಸ್ಸು ತುಂಬಿ, "ಸೀಟಿನ ಮ್ಯಾಲೆ ಲಗೇಜ್ ಇಡಂಗಿಲ್ಲ ಯಜಮಾನ್ರೇ, ಇಟ್ರೆ ಟಿಕೆಟ್ ತಗಳ್ರಿ" ಎಂದು ಕಂಡಕ್ಟರ್ ಗದರಿಸಿದನಂತೆ.

"ಕೊಡಪ್ಪಾ. ಅರ್ಧ ಟಿಕೆಟ್ ಕೊಡು."

"ಅರ್ಧ ಯಾಕ್ರಿ?"

"ಇದಕ್ಕಿನ್ನೂ ಹನ್ನೆರಡು ತುಂಬಿಲ್ಲ!"

ನಾವು ನಂಬಲಿಲ್ಲ. ಮಾವ ಜೇಬಿನಿಂದ ಅರ್ಧ ಟಿಕೆಟ್ ತೆಗೆದು ತೋರಿಸಿದ. ಪೇಪರು ಒಂದಿಷ್ಟು ಅಲುಗಾಡಿತು. ಅದರ ಹಿಂದೆ ನಮ್ಮ ಮನೆಯವರು ನಗುತ್ತಿದ್ದರು ಎಂದು ಅರ್ಥ.

ಆ ಡಬ್ಬಿಯಲ್ಲಿ ಏನಿತ್ತು ಎಂಬುದನ್ನು ಮುಚ್ಚಿಟ್ಟು ನಿಮ್ಮನ್ನು ಸತಾಯಿಸುವ ಆಸೆ ನನಗಿಲ್ಲ. ಒಂದು ಸೀರೆಯ ಅಂಚು ಇತ್ತು. ಅವ್ವನ ಮದುವೆ ಸೀರೆಯ ಅಂಚು. ಅದನ್ನು ನೇಯ್ದವನು ಅವರಪ್ಪ, ಅಂದರೆ ನನ್ನ ತಾತ. ಆ ಕಾಲದ ಮಗ್ಗದಲ್ಲಿ ಹೂವು, ಹಂಸ, ಗೋಪುರ ಎಲ್ಲವೂ ಮೇಲೆ ಕಟ್ಟಿದ ದಾರಗಳ ಗೊಂಚಲಿನಲ್ಲಿರುತ್ತಿದ್ದವು. ಪಕ್ಕದಲ್ಲಿ ಕೂತ ಮಕ್ಕಳು ಸರದಿ ತಪ್ಪದೆ ದಾರ ಎತ್ತಬೇಕು, ದೊಡ್ಡವರು ಲಾಳಿ ಎಸೆಯಬೇಕು. ತಾತನ ಮಗ್ಗಕ್ಕೆ ದಾರ ಎತ್ತುತ್ತಿದ್ದವಳು ಅವ್ವನೇ. ಕಾಲ ಸರಿದು ಸೀರೆ ಮಡಿಕೆ ಮಡಿಕೆಗೆ ಸೀಳಿತು. ದಾರದ ಗೊಂಚಲನ್ನು ಇಲಿ ತಿಂದವು. ಉಳಿದದ್ದು ಅಂಚಿನ ಒಂದು ತುಂಡು. ಅದನ್ನು ಮುಂದಿಟ್ಟುಕೊಂಡು ಮಾವ ಎಳೆ ಎಳೆಯಾಗಿ ಎಣಿಸಿ, ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ತುಂಬಿಸಿದ್ದ; ಈಗಿನ ಮಗ್ಗ ದಾರ ಎತ್ತುವುದು ಆ ಚುಕ್ಕಿಗಳ ಲೆಕ್ಕದಲ್ಲಿ. ಗೌರಿ ಹಬ್ಬಕ್ಕೆ ಅಕ್ಕನಿಗೆ ತವರಿನ ಸೀರೆ ಕೊಡಬೇಕು, ಅದು ಅದೇ ಸೀರೆಯಾಗಿರಬೇಕು. ಇಷ್ಟೇ ಆತನ ಹಟ.

"ಈ ವಯಸ್ಸಿಗೆ ನಂಗ್ಯಾಕೋ ರೇಷ್ಮೆ? ಉಟ್ಕಂಡು ಶೇಂಗಾ ಸುಲೀಲಾ?" ಎಂದು ಅವ್ವ ರೇಗಿಸುತ್ತಿದ್ದಳು.

ಒಂದು ಹಂಸ ಬರೆದು ಗುಂಡಿ ಒತ್ತಿದರೆ ಕಂಪ್ಯೂಟರು ಸಾಲು ಹಂಸಗಳನ್ನು ತಾನೇ ಇಳಿಸುತ್ತದಂತೆ. ಮಾವ ಮಾತ್ರ ಒಂದೊಂದು ಹಂಸವನ್ನೂ ಬೇರೆ ಬೇರೆಯಾಗಿಯೇ ಬರೆದ. ಯಾಕೆ ಮಾವ ಎಂದರೆ, "ಎಲ್ಲಾ ಹಂಸನೂ ಒಂದೇ ಥರ ಇರ್ತಾವೇನೇ? ನೀನೂ ನಿನ್ನ ತಂಗೀನೂ ಒಂದೇ ಥರ ಇದ್ದೀರಾ?" ಎಂದು ಬಾಯಿ ಮುಚ್ಚಿಸಿದ.

ಇಷ್ಟಕ್ಕೂ ಮೊಳಕಾಲ್ಮೂರಿನಲ್ಲಿ ಕಂಪ್ಯೂಟರ್ ರಿಪೇರಿಯವರಿಲ್ಲವೇ? ಇದ್ದಾರೆ. ಆದರೆ ಅಲ್ಲಿ ಯಾರನ್ನು ಮುಟ್ಟಿದರೂ ನೇಕಾರರ ನೆಂಟರು. ಅಂಚು ಕಣ್ಣಿಗೆ ಬಿದ್ದರೆ ನಾಳೆ ಬೆಳಗ್ಗೆ ಊರಿನ ಎಲ್ಲ ಮಗ್ಗಗಳ ಮೇಲೂ ಇರುತ್ತದೆ! "ನಿಮ್ಮೂರೇ ವಾಸಿ. ಎಣ್ಣೆ ಮಿಲ್ಲು ಬಿಟ್ರೆ ಕಂಬಳಿ. ಅಂಚು ಅಂದ್ರೆ ಒಬ್ಬರಿಗೂ ಏನೂ ತಿಳಿಯಲ್ಲ" ಎಂದು ಮಾವ ನಮ್ಮೂರನ್ನು ಹೊಗಳಿದ.

ಕಾಯಿಲೆ ಏನೆಂದರೆ, ಅದರಲ್ಲಿದ್ದ ಆಂಟಿವೈರಸ್ಸಿನ ವರ್ಷ ಮುಗಿದಿತ್ತು. ಪರದೆಯ ಮೂಲೆಯಲ್ಲಿ ಕೆಂಪು ಚೌಕ ಎದ್ದು 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ' ಎಂದು ಹೆದರಿಸುತ್ತಿತ್ತು. ಮುಚ್ಚಿದರೆ ಮತ್ತೆ ಏಳುತ್ತಿತ್ತು.

"ವರ್ಷಾನುಗಟ್ಲೆ ಕಾದು, ಇವತ್ತು ಬೆಳಗಾಗೆದ್ದು ನಾನು ಕಾಯಲ್ಲ ಅಂತೈತಲ್ಲೇ! ನಮ್ಮ ನಾಯಿ ಯಾವತ್ತಾದ್ರೂ ಹಂಗಂದಿತ್ತಾ?"

ಆ ನಾಯಿಯ ವಿಷಯ ನಿಮಗೆ ಹೇಳಲೇಬೇಕು. ಪರೀಕ್ಷೆ ಮಾಡದೆ ಏನನ್ನೂ ನಂಬಬಾರದು ಎಂಬುದು ಮಾವನ ಹುಟ್ಟುಗುಣ. ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆ ಎಂದರೆ ಮೊಳಕಾಲ್ಮೂರು. ಮಗ್ಗದ ಸದ್ದಿಗೇ ನಿದ್ದೆ, ಮಗ್ಗದ ಸದ್ದು ನಿಂತರೆ ಎಚ್ಚರ. ಅಂಥದೊಂದು ರಜೆಯಲ್ಲಿ ಮಾವ ದೊಡ್ಡಉಳ್ಳಾರ್ತಿ ಹುಲ್ಲುಗಾವಲಿನ ಕುರಿಯವರಿಂದ ನಾಯಿ ತಂದ. ಅದು ನಿಜಕ್ಕೂ ಮನೆ ಕಾಯುತ್ತದೋ ಇಲ್ಲವೋ? ನೋಡಲು ತಾನೇ ತಲೆತುಂಬ ಕಂಬಳಿ ಹೊದ್ದು, ಕಳ್ಳನಂತೆ ಹಿತ್ತಲ ಗೋಡೆ ಹಾರಿದ. ನಾಯಿ ನೇರವಾಗಿ ಮೀನಖಂಡಕ್ಕೇ ಬಾಯಿ ಹಾಕಿತು. ಕುಂಟುತ್ತ ಒಳಗೆ ಬಂದವನ ಮುಖದಲ್ಲಿ ಅದೇನು ಆನಂದ! "ಭೇಷ್ ನಾಯಿ ಕಣಕ್ಕಾ!" ಎಂದು ಕುಣಿದಾಡಿದ, ಒಂದೇ ಕಾಲಿನಲ್ಲಿ.

ಕೊಡೆ ಕೊಂಡಾಗಲೂ ಅಷ್ಟೇ. ನಮ್ಮ ಸೀಮೆಯಲ್ಲಿ ಮಳೆ ಬಂದು ಕೊಡೆಯ ಗುಣ ತಿಳಿಯುವಷ್ಟರಲ್ಲಿ ಕೊಡೆಗೇ ಮುಪ್ಪು ಬಂದಿರುತ್ತದೆ. ಮಾವ ಅಂಗಳದಲ್ಲಿ ಕೊಡೆ ಬಿಚ್ಚಿ ನಿಂತು, ಅವ್ವನನ್ನು ಮಾಳಿಗೆ ಹತ್ತಿಸಿ ಕೊಡದಿಂದ ನೀರು ಹುಯ್ಯಿಸಿದ. ಸೋರಲಿಲ್ಲ. ಆದರೂ ಸಮಾಧಾನವಿಲ್ಲ. "ಗಾಳಿಮಳೆ ಬಂದ್ರೆ? ಓರೆಯಾಗಿ ಹುಯ್ಯಿ ಅಕ್ಕಯ್ಯಾ!" ಅವ್ವ ಓರೆಯಾಗಿ ಹುಯ್ದಳು, ಕೊಡವೂ ಕೈಜಾರಿತು. ಕೊಡೆಯ ಕಡ್ಡಿಗಳೆಲ್ಲ ಮುರಿದು ಕೂತವು. ಮಾವ ಅದರಡಿಯಿಂದ ತಲೆ ಹೊರಗೆ ಹಾಕಿ, "ನೋಡಿದ್ಯಾ? ಮೊದ್ಲೇ ಗೊತ್ತಾದದ್ದು ಒಳ್ಳೇದಾತು!" ಎಂದ.

ಇಂಥವನ ಕೈಗೆ ಆಂಟಿವೈರಸ್ ಆರಿಸುವ ಕೆಲಸ ಸಿಕ್ಕರೆ ಏನಾಗಬೇಡ!

ಮೊದಲು ಹಳೆಯದನ್ನೇ ನವೀಕರಿಸೋಣ ಎಂದು ಕಾರ್ಡು ತಂದ. ಉಜ್ಜಿದರೆ ಸಂಖ್ಯೆ ಕಾಣುತ್ತದೆ ಎಂದರು. ನೂಲಿನ ಗಂಟು ಬಿಡಿಸುವ ಕಬ್ಬಿಣದ ಮುಳ್ಳಿನಿಂದ ಉಜ್ಜಿದ. ಸಂಖ್ಯೆ ಕಾಣಿಸಿತು, ಹಾಗೇ ಹೊರಟೂಹೋಯಿತು! ಕಂಪನಿಗೆ ಫೋನ್ ಹಚ್ಚಿದ. ಕನ್ನಡಕ್ಕೆ ಇದನ್ನೊತ್ತಿ, ತೆಲುಗಿಗೆ ಅದನ್ನೊತ್ತಿ ಎಂದರು. ಕನ್ನಡ ಒತ್ತಿದರೆ ಒಂದು ಸಂಗೀತ. ತೆಲುಗು ಒತ್ತಿದರೂ ಅದೇ ಸಂಗೀತ. ಸಂಜೆಯಾಗುವಷ್ಟರಲ್ಲಿ ಅವ್ವ ಅದನ್ನು ಗುನುಗುತ್ತಾ ಕಸ ಗುಡಿಸುತ್ತಿದ್ದಳು.

ಆಮೇಲೆ ನಮ್ಮ ಬೀದಿಯ ಕೊನೆಯಲ್ಲಿರುವ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯಾತ ಬಲು ಒಳ್ಳೆಯ ಮನುಷ್ಯ, ಸಹಾಯ ಮಾಡುವುದೆಂದರೆ ಪ್ರಾಣ. ಈ ಗುಣವನ್ನು ನೆನಪಿಟ್ಟುಕೊಳ್ಳಿ. ಆತ ಆಂಟಿವೈರಸ್ಸಿನ ಡಬ್ಬಿಗಳನ್ನು ಸಾಲಾಗಿ ಇಟ್ಟ. "ಇದು ಬೇಸಿಕ್, ಇದು ಪ್ರೊ, ಇದು ಟೋಟಲ್."

"ಟೋಟಲ್ ಅಂದ್ರೆ?"

"ಪೂರ್ತಿ ಕಾಯುತ್ತೆ ಸಾರ್."

"ಹಂಗಾದ್ರೆ ಇವೆರಡು? ಮುಂಬಾಗ್ಲು ಕಾಯ್ತಾವೆ, ಹಿತ್ಲಾಗಿಂದ ಬರೋರಿಗೆ ದಾರಿ ಬಿಡ್ತಾವಾ?"

ಅಂಗಡಿಯಾತ ನಿಟ್ಟುಸಿರು ಬಿಟ್ಟು, ತಿಂಗಳೊಪ್ಪತ್ತು ಪುಕ್ಕಟೆ ನೋಡಿ ಆರಿಸಿಕೊಳ್ಳಿ ಎಂದು ಬೇರೆ ಬೇರೆ ಕಂಪನಿಗಳವನ್ನು ಕೊಟ್ಟ. ಪುಕ್ಕಟೆ ನೋಡುವುದೆಂದರೆ ಪರೀಕ್ಷೆಯೇ ಅಲ್ಲವೇ! ಪರೀಕ್ಷೆಗೆ ಕಳ್ಳ ಬೇಕಲ್ಲ? ಆಗಲೇ ಮಾವ ಖಾಲಿ ಪೆನ್‌ಡ್ರೈವ್ ಹಿಡಿದು ಪೇಟೆ ಸುತ್ತಿದ್ದು. "ನಿಮ್ಮಲ್ಲಿ ವೈರಸ್ ಐತಾ? ಒಳ್ಳೇದು ಬೇಕು, ಜೋರಾಗಿರ್ಬೇಕು." ಜೆರಾಕ್ಸ್ ಅಂಗಡಿಯವ ಸಿಟ್ಟಾಗಿ, "ನಮ್ದು ಸಾಫ್ ಅಂಗಡಿ ರೀ! ಪಕ್ಕದೋನ ಹತ್ರ ಹೋಗ್ರಿ, ಅಲ್ಲಿ ಬೇಕಾದಷ್ಟು ಸಿಗ್ತಾವೆ" ಎಂದನಂತೆ. ಪಕ್ಕದವನೂ ಇದನ್ನೇ ಹೇಳಿ ವಾಪಸ್ ಕಳಿಸಿದ. ಕಡೆಗೆ ಯಾವ ಪುಣ್ಯಾತ್ಮ ಕೊಟ್ಟನೋ, ಮಾವ ಗೆದ್ದು ಬಂದ.

ಅಂಚು ಇರುವ ಕಂಪ್ಯೂಟರಿನ ಮೇಲೆ ಪರೀಕ್ಷೆ ಮಾಡುವಷ್ಟು ದಡ್ಡ ಆತನಲ್ಲ. ಪರೀಕ್ಷೆ ನಡೆದದ್ದು ನಮ್ಮ ಮನೆಯವರ ಕಂಪ್ಯೂಟರಿನ ಮೇಲೆ! ಮೊದಲನೆಯ ಆಂಟಿವೈರಸ್ ಹಾಕಿ ಪೆನ್‌ಡ್ರೈವ್ ಚುಚ್ಚಿದ. ಕಾವಲುಗಾರ ಗಾಢ ನಿದ್ದೆಯಲ್ಲಿದ್ದ. ನಮ್ಮ ಮನೆಯವರು ಓಡಿ ಬರುವುದರೊಳಗೆ ಕಡತಗಳೆಲ್ಲ ಮಂಗಮಾಯ.

"ನನ್ನ ಪರೀಕ್ಷೆ ಪೇಪರ್ ಇದ್ವಲ್ಲ ಮಾವ!"

"ಬಿಡ್ರಿ ಅಳಿಯಂದ್ರೇ, ಹುಡುಗ್ರು ನಿಮ್ಮ ಫೋಟೋ ಇಟ್ಟು ಪೂಜೆ ಮಾಡ್ತಾರೆ. ಇದಾಗಲ್ಲ, ಮುಂದಿಂದು ಹಾಕನ."

ಮುಂದಿನದನ್ನು ಹಾಕುವಾಗ ಮೊದಲನೆಯದನ್ನು ತೆಗೆಯಲಿಲ್ಲ. ಇಬ್ಬರಿದ್ದರೆ ಇನ್ನೂ ಭದ್ರ ಎಂಬ ಲೆಕ್ಕ. ಅವೆರಡೂ ಒಂದನ್ನೊಂದು ಕಳ್ಳ ಎಂದು ಹಿಡಿದು ಜಗ್ಗಾಡಿ, ಕಂಪ್ಯೂಟರು ಕಲ್ಲಿನಂತೆ ನಿಂತಿತು. ರಿಪೇರಿಯಾತ ಬಂದು ಬಿಡಿಸಿದ. ಮೂರನೆಯದು ಮಾತ್ರ ಪೆನ್‌ಡ್ರೈವ್ ತಾಗುತ್ತಲೇ ಕಿರುಚಿತು, ಕೆಂಪಾಯಿತು, ವೈರಸ್ಸನ್ನು ಕಚ್ಚಿ ಹಿಡಿಯಿತು. ಮಾವ ಎದ್ದು ನಿಂತ. "ಭೇಷ್! ಇದು ನಾಯಿ ಅಂದ್ರೆ! ಜಟಿಂಗ ರಾಮೇಶ್ವರನ ಆಣೆ, ಇದೇ ಇರ್ಲಿ!"

ಅದನ್ನೇ ಮಾವನ ಡಬ್ಬಿಗೆ ಹಾಕಿಸಿಕೊಟ್ಟೆವು. ಕಂಬಳಿ ಸುತ್ತಿಕೊಂಡು, ಅರ್ಧ ಟಿಕೆಟ್ಟಿನ ಜೊತೆ ಮಾವ ಊರಿಗೆ ಹೋದ. ಅಂಚು ಮಗ್ಗಕ್ಕೆ ಏರುವುದೊಂದೇ ಬಾಕಿ, ಹಬ್ಬ ಹತ್ತಿರ ಬಂದಿತ್ತು. ನಾವೆಲ್ಲ ಉಸಿರು ಬಿಟ್ಟೆವು.

ಮಾರನೆಯ ದಿನ ಫೋನು. "ವೈರಸ್ ಬಂದೈತೆ ಕಣೇ! ಅಂಚು ಕೆಟ್ಟೈತೆ!" ನಾನು ಎಂದೂ ಕೇಳದ ಧ್ವನಿ ಅದು.

ಡಬ್ಬಿ ಹೊತ್ತು ಮುಂದಿನ ಬಸ್ಸಿಗೇ ಬಂದ. ರಿಪೇರಿಯಾತನನ್ನು ಕರೆಸಿದೆವು. ಆತ ಮೂಲೆ ಮೂಲೆ ಜಾಲಾಡಿಸಿ, "ಯಾವ ವೈರಸ್ಸೂ ಇಲ್ಲ ಸಾರ್, ಹಸಿರು ತೋರಿಸ್ತಿದೆ ನೋಡಿ" ಎಂದ. ಅಂಚು ತೆರೆದು ನೋಡಿದೆವು. ಸಾಲಾಗಿ ಹಂಸಗಳು, ಒಂದಕ್ಕಿಂತ ಒಂದು ಚೆಂದ.

"ಎಲ್ಲಾ ಸರಿ ಐತಲ್ಲ ಮಾವ?"

"ಅದೇ ಕಣೇ ಕೆಟ್ಟಿರೋದು! ಚೂಡು ಅಕ್ಕಯ್ಯಾ, ಚೂಡು!" ಸಿಟ್ಟು ಬಂದರೆ ಮಾವನಿಗೆ ತೆಲುಗು ಬರುತ್ತದೆ. ಬೆರಳು ಒಂದು ಹಂಸದ ಮೇಲೆ ನಿಂತಿತ್ತು. "ಇದಕ್ಕೆ ತಲೆ ಎಲ್ಲಿಂದ ಬಂತು?"

ರಿಪೇರಿಯಾತ ಗಂಟಲು ಸರಿಮಾಡಿಕೊಂಡ. "ಅದು ಸಾರ್... ಆಂಟಿವೈರಸ್ ಹಾಕಿದ್ಮೇಲೆ ಫೈಲ್ ತೆಗೆಯುತ್ತೋ ಇಲ್ವೋ ಅಂತ ನೋಡ್ದೆ. ಒಂದು ಹಂಸಕ್ಕೆ ತಲೆನೇ ಇರ್ಲಿಲ್ಲ. ಪಾಪ, ವಯಸ್ಸಾದೋರು, ಕಣ್ತಪ್ಪಿರ್ಬೇಕು ಅಂತ ಪಕ್ಕದ್ದರ ತಲೆ ಕಾಪಿ ಮಾಡಿ ಅಂಟಿಸ್ದೆ. ಇದಕ್ಕೆ ಚಾರ್ಜೂ ಹಾಕಿಲ್ಲ!"

ಅವ್ವನ ಕೈಯಲ್ಲಿ ಶೇಂಗಾ ನಿಂತಿತ್ತು.

"ಅದನ್ನೂ ಬರ್ದಿದ್ಯೇನೋ?" ಎಂದಳು ಮೆಲ್ಲಗೆ.

"ಬರೀದೆ? ಅದಿಲ್ದಿದ್ರೆ ಅದು ಯಾರ ಸೀರೆ ಅಕ್ಕಯ್ಯಾ?"

ನಮ್ಮ ಮುಖ ನೋಡದೆ, ಪರದೆಯ ಕಡೆಗೇ ತಿರುಗಿ ಮಾವ ಹೇಳಿದ: "ನಂಗೆ ಆಗ ಇನ್ನೂ ಮಾತು ಬರ್ತಿರ್ಲಿಲ್ವಂತೆ. ದಡಾರ ಎದ್ದಿತ್ತು. ಕೆಳಗಿಟ್ರೆ ಅಳೋದು. ಇವಳು ರಾತ್ರಿಯೆಲ್ಲಾ ಸೊಂಟದ ಮ್ಯಾಲೆ ಹೊತ್ಕಂಡು ಓಡಾಡಿ, ಬೆಳಗ್ಗೆ ಹಂಗೇ ಬಂದು ಮಗ್ಗದ ಪಕ್ಕ ಕುಂತಳಂತೆ. ತೂಕಡಿಸಿ ದಾರದ ಸರದಿ ತಪ್ಪಿದ್ಳು. ಹಂಸದ ತಲೆ ಹೋತು. ಅಪ್ಪ ಅಲ್ಲೇ ಬಿಚ್ಚಿ ಮತ್ತೆ ನೇಯಬಹುದಿತ್ತು. ಬಿಚ್ಚಲಿಲ್ಲ. ಲಾಳಿ ಕೆಳಗಿಟ್ಟು, ಇವಳನ್ನ ಎತ್ತಿ ಅಲ್ಲೇ ಮಲಗಿಸಿದ್ನಂತೆ. ತಪ್ಪಿರೋ ಸೀರೆ ಅಂತ, ರೇಷ್ಮೆ ಕೊಟ್ಟು ನೇಯಿಸ್ತಿದ್ದ ಸಾವ್ಕಾರ ತಗಳ್ಳಿಲ್ಲ. ಅದಕ್ಕೇ ಮನೇಲಿ ಉಳೀತು, ಇವಳ ಮದುವೆಗೆ ಆತು. ಇಲ್ದಿದ್ರೆ ಆಗ ನೇಯೋರ ಮನೆ ಹುಡುಗಿ ರೇಷ್ಮೆ ಉಡೋದುಂಟೇ? ಇದೆಲ್ಲಾ ನಮ್ಮವ್ವ ಹೇಳ್ತಿದ್ಳು."

"ಉಡೋವಾಗೆಲ್ಲ ಅದನ್ನ ನೆರಿಗೆ ಒಳಗೆ ಮುಚ್ಚಿಡ್ತಿದ್ದೆ" ಎಂದಳು ಅವ್ವ. "ಯಾರಿಗೂ ಕಾಣಬಾರದು ಅಂತ."

ಆ ಸೀರೆಯ ಅಂಚು ಹಿಡಿದುಕೊಂಡೇ ನಾನು ನಡೆಯಲು ಕಲಿತದ್ದು. ನನಗೂ ಕಂಡಿರಲಿಲ್ಲ.

ತುಂಡು ಊರಿನ ಪೆಟ್ಟಿಗೆಯಲ್ಲೈತೆ, ಹೋಗಿ ನೋಡಿಕೊಂಡು ಮತ್ತೆ ಬರೀತೀನಿ ಎಂದು ಮಾವ ಎದ್ದ. ಅವ್ವ ಕೈಕೊಡವಿಕೊಂಡು ಬಂದು ಪರದೆಯ ಮುಂದೆ ಕುಳಿತಳು. "ಕೂತ್ಕಳೋ. ತುಂಡು ಯಾಕೆ? ನಾನಿಲ್ವಾ?" ಬೆರಳು ಗಾಜಿಗೆ ತಾಗಿಸಿದಳು. "ಈ ಎಳೆ ತೆಗಿ. ಅದ್ರ ಮ್ಯಾಗಿಂದೂ ತೆಗಿ. ಏ, ಅದಲ್ಲ, ಕುತ್ತಿಗೆ ಅರ್ಧ ಇತ್ತು, ಅದಿರ್ಲಿ." ಮಾವ ಕಂಪ್ಯೂಟರಿನ ಇಲಿ ಒತ್ತುತ್ತ ಹೋದ. ಅಕ್ಕ ಹೇಳುವುದು, ತಮ್ಮ ಒಂದೊಂದೇ ಚುಕ್ಕಿ ಅಳಿಸುವುದು. ರಿಪೇರಿಯಾತ ಕೈಕಟ್ಟಿ ನಿಂತಿದ್ದ. ನಮ್ಮ ಮನೆಯವರು ಪೇಪರು ಮಡಚಿಟ್ಟಿದ್ದರು. ಮೂಲೆಯಲ್ಲಿ ಆಂಟಿವೈರಸ್ ಹಸಿರಾಗಿಯೇ ಉರಿಯುತ್ತಿತ್ತು, ಅದಕ್ಕೆ ಇದ್ಯಾವುದೂ ಗೊತ್ತಿಲ್ಲ.

ಸೀರೆ ಮಗ್ಗದಿಂದ ಇಳಿದ ದಿನವೇ ಮಾವ ಆಂಟಿವೈರಸ್ಸನ್ನು ಕಂಪ್ಯೂಟರಿನಿಂದ ತೆಗೆಸಿದನಂತೆ. "ಕಾಯೋದು ಇನ್ನೇನೈತೆ? ಬಿಟ್ಬಿಡ್ರಿ, ಹೋಗ್ಲಿ ಪಾಪ" ಎಂದನಂತೆ.

ಗೌರಿ ಹಬ್ಬದ ಬೆಳಗ್ಗೆ ಅವ್ವ ಆ ಸೀರೆ ಉಟ್ಟಳು. ನೆರಿಗೆ ಹಿಡಿಯಲು ನಾನೇ ಕೂತಿದ್ದೆ. ತಲೆಯಿಲ್ಲದ ಹಂಸ ಬಂದಾಗ ಅಭ್ಯಾಸಬಲದಿಂದ ಅವ್ವನ ಬೆರಳು ಅದನ್ನು ಒಳಗೆ ಮಡಚಿತು. ಆಮೇಲೆ ಬಿಚ್ಚಿ, ಎಲ್ಲಕ್ಕಿಂತ ಮುಂದಿನ ನೆರಿಗೆಗೆ ತಂದುಕೊಂಡಳು.